ಕಟ್ಟಡದ ಕೆಲಸವೂ ನಿಂತ ನೀರೂ

ಮುಂಬಯಿಯ ಬಲ್ಲಾರ್ಡ್ ಎಸ್ಟೇಟನ್ನು ನೋಡದ ಓದುಗರು ಕಡಿಮೆ. ಬಂದರಿನ ಮಗ್ಗುಲಲ್ಲಿ ಒಂದೇ ಎತ್ತರಕ್ಕೆ, ಒಂದೇ ಶೈಲಿಯಲ್ಲಿ ಎದ್ದು ನಿಂತ ಕಲ್ಲು ಕಟ್ಟಡಗಳ ಸಾಲು ಅದು. ಕೇಂದ್ರ ಸರಕಾರದ ಗುಮಾಸ್ತಿಕೆ ನಮ್ಮನ್ನು ಹಲವು ವರ್ಷ ಆ ಬೀದಿಗಳಲ್ಲಿ ಓಡಾಡಿಸಿದೆ. ಆದರೂ ಈ ನೆಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಹುಕಾಲ ನಮಗೆ ಹೊಳೆದಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಕಡಲಿತ್ತು. ಇಂದು ಇಂದಿರಾ ಡಾಕ್ ಎಂದು ಕರೆಯುವ ಅಲೆಕ್ಸಾಂಡ್ರಾ ಡಾಕ್‌ಗಾಗಿ ಅಗೆದ ಮಣ್ಣು ಕಲ್ಲುಗಳನ್ನು ಸುರಿದು, 1908 ಮತ್ತು 1914ರ ನಡುವೆ ಈ ನೆಲವನ್ನು ಮಾಡಿದರು. ಡಾಕ್‌ನ ಅಸ್ತಿಭಾರದ ಕಲ್ಲನ್ನು 1905ರಲ್ಲಿ ವೇಲ್ಸ್ ರಾಜಕುಮಾರ ಇಟ್ಟ. 1914ರಲ್ಲಿ ಡಾಕ್ ತೆರೆಯಿತು. ಇಷ್ಟು ಸಂಗತಿ ಪ್ರವಾಸಿಗರ ಕೈಪಿಡಿಯಲ್ಲೂ ಸಿಗುತ್ತದೆ. ಅಗೆದ ಕೂಲಿಕಾರರಿಗೆ ಏನಾಯಿತು ಎಂಬುದು ಅಲ್ಲಿ ಸಿಗುವುದಿಲ್ಲ. ಅದನ್ನು ಜ್ವರದ ವರದಿಗಳಲ್ಲಿ ಹುಡುಕಬೇಕು.

ಕಟ್ಟಡದ ಕೆಲಸದ ಅಪಾಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಹಡಿಯಿಂದ ಬಿದ್ದ ಕೂಲಿಯಾಳು, ಕುಸಿದ ಗೋಡೆ, ಮುರಿದ ಸಾರುವೆ. ಇವು ಕಾಣುವ ಅಪಾಯಗಳು. ಮರುದಿನ ಪತ್ರಿಕೆಯಲ್ಲೂ ಬರುತ್ತವೆ. ಪತ್ರಿಕೆಯಲ್ಲಿ ಬಾರದ ಅಪಾಯವೂ ಒಂದುಂಟು. ಕೆಲಸದ ಜಾಗದಲ್ಲಿ ನಿಲ್ಲುವ ನೀರು, ಆ ನೀರಿನಲ್ಲಿ ಹುಟ್ಟುವ ಸೊಳ್ಳೆ, ಆ ಸೊಳ್ಳೆ ಹರಡುವ ಮಲೇರಿಯಾ. ಇದರ ಚರಿತ್ರೆ ನೂರು ವರ್ಷಕ್ಕೂ ಹಳೆಯದು. ಅದರ ಮೊದಲ ಪುಟ ನಮ್ಮ ಬೆಂಗಳೂರಿನದು ಎಂಬುದು ಅನೇಕರಿಗೆ ತಿಳಿದಿರಲಾರದು.

ಬೆಂಗಳೂರಿನ ತೊಟ್ಟಿ

1883ರಲ್ಲಿ ರೊನಾಲ್ಡ್ ರಾಸ್ ಎಂಬ 26 ವರ್ಷದ ಸೇನಾ ವೈದ್ಯ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕೆ ಬಂದ. ಹುಟ್ಟಿದ್ದು ಅಲ್ಮೋರಾದಲ್ಲಿ, 1857ರಲ್ಲಿ. ಬೆಂಗಳೂರಿನ ಬಂಗಲೆ ಅವನಿಗೆ ಹಿಡಿಸಿತು, ಆದರೆ ಸೊಳ್ಳೆಯ ಕಾಟ ಹೇಳತೀರದು. ಹುಡುಕಿದಾಗ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಂದರಲ್ಲಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದುದು ಕಂಡಿತು. ತೊಟ್ಟಿಯನ್ನು ಬುಡಮೇಲು ಮಾಡಿಸಿದ. ಸೊಳ್ಳೆ ಇಳಿಯಿತು. ಸಂತೋಷದಿಂದ ರೆಜಿಮೆಂಟಿನ ಅಧಿಕಾರಿಯೊಬ್ಬನಿಗೆ ಈ ವಿಷಯ ತಿಳಿಸಿ, ಊಟದ ಮನೆಯ ಸುತ್ತಲಿನ ತೊಟ್ಟಿ ಕುಂಡಗಳನ್ನೂ ಹೀಗೆಯೇ ಮಾಡಿಸೋಣವೆಂದ. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಸೃಷ್ಟಿಸಿದ್ದಕ್ಕೆ ಏನೋ ಕಾರಣವಿದ್ದೀತು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವನ ಉತ್ತರದ ಸಾರಾಂಶ. ರಾಸ್ ತನ್ನ ಆತ್ಮಚರಿತ್ರೆಯಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ.

ಆಗ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ರಾಸ್‌ಗೂ ಗೊತ್ತಿರಲಿಲ್ಲ. 1895ರಲ್ಲಿ ಕಾಲರಾ ನಿಮಿತ್ತ ಅವನನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿದರು. ಊರಿನ ನೈರ್ಮಲ್ಯದ ಕೆಲಸ ಮಾಡಿಸಿದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ರೋಗ ಹರಡುವ ಪೂರ್ಣ ಚಕ್ರವನ್ನು ತೋರಿಸಿಕೊಟ್ಟ. 1902ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ರೋಗ ತಡೆಯುವ ಉಪಾಯ ಅವನಿಗೆ ರೋಗದ ಕಾರಣಕ್ಕಿಂತ 14 ವರ್ಷ ಮೊದಲೇ ಸಿಕ್ಕಿತ್ತು. ತೊಟ್ಟಿ ಬುಡಮೇಲು ಮಾಡುವುದು, ಅಷ್ಟೇ.

ಮಂಚದ ಕಾಲಿನ ಬಟ್ಟಲು

ಈ ಉಪಾಯದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಒಂದು ಕಾಮಗಾರಿಯ ನೆಲದಲ್ಲೇ. ಎರಡು ಮಹಾಸಾಗರಗಳನ್ನು ಕೂಡಿಸುವ ಪನಾಮಾ ಕಾಲುವೆಯನ್ನು ತೋಡಲು ಫ್ರೆಂಚರು 1881ರಲ್ಲಿ ಕೈಹಾಕಿದರು. 1889ರಲ್ಲಿ ಕಂಪೆನಿ ದಿವಾಳಿಯೆದ್ದಿತು. ಅಷ್ಟರಲ್ಲಿ ಹಳದಿ ಜ್ವರ, ಮಲೇರಿಯಾ ಮುಂತಾದವುಗಳಿಂದ ಸತ್ತವರು ಸುಮಾರು 22,000 ಎಂದು ಅಂದಾಜು. ಆಸ್ಪತ್ರೆ ಇರಲಿಲ್ಲವೆಂದಲ್ಲ, ಒಳ್ಳೆಯ ಆಸ್ಪತ್ರೆಯನ್ನೇ ಕಟ್ಟಿಸಿದ್ದರು. ಅಲ್ಲಿ ಇರುವೆ ಹತ್ತದಂತೆ ರೋಗಿಗಳ ಮಂಚದ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರು. ನಮ್ಮ ಅಜ್ಜಿಯಂದಿರು ತಿಂಡಿಯ ಕಪಾಟಿನ ಕಾಲಿಗೆ ಇಡುತ್ತಿದ್ದರಲ್ಲ, ಹಾಗೆಯೇ. ಇರುವೆ ಬರಲಿಲ್ಲ. ಆ ಬಟ್ಟಲುಗಳಲ್ಲಿ ಸೊಳ್ಳೆ ಹುಟ್ಟಿ, ಒಂದು ಮಂಚದ ಜ್ವರವನ್ನು ಇನ್ನೊಂದು ಮಂಚಕ್ಕೆ ಒಯ್ದಿತು. ಕೈ ಮುರಿದುಕೊಂಡು ಬಂದವನು ಜ್ವರದಿಂದ ಸತ್ತ.

1904ರಲ್ಲಿ ಅಮೆರಿಕನರು ಕೆಲಸ ಕೈಗೆತ್ತಿಕೊಂಡಾಗ ಆರೋಗ್ಯದ ಹೊಣೆ ವಿಲಿಯಂ ಗೋರ್ಗಾಸ್ ಎಂಬ ಸೇನಾ ವೈದ್ಯನ ಮೇಲೆ ಬಿತ್ತು. ಹವಾನಾ ನಗರದಲ್ಲಿ 1901ರಲ್ಲಿ ಸೊಳ್ಳೆಯನ್ನು ತಡೆದು ಹಳದಿ ಜ್ವರವನ್ನು ಓಡಿಸಿದ ಅನುಭವ ಅವನಿಗಿತ್ತು. ಇಲ್ಲಿ ಕೊಳಚೆಗಳಿಗೆ ಕಾಲುವೆ ತೋಡಿಸಿದ, ಬಸಿಯಲಾಗದ ನೀರಿಗೆ ಎಣ್ಣೆ ಸುರಿಸಿದ, ಮನೆಗಳ ಕಿಟಕಿಗಳಿಗೆ ಜಾಳಿಗೆ ಹಾಕಿಸಿದ, ಪಟ್ಟಣಗಳಿಗೆ ನಳದ ನೀರು ಕೊಡಿಸಿ ಪೀಪಾಯಿಗಳನ್ನು ತೆಗೆಸಿದ. ಎರಡೇ ವರ್ಷಗಳಲ್ಲಿ ಹಳದಿ ಜ್ವರ ನಿಂತಿತು, ಮಲೇರಿಯಾ ಬಹಳಷ್ಟು ಇಳಿಯಿತು. 1914ರಲ್ಲಿ ಕಾಲುವೆ ತೆರೆಯಿತು. ಅದೇ ವರ್ಷ ನಮ್ಮ ಅಲೆಕ್ಸಾಂಡ್ರಾ ಡಾಕ್ ಕೂಡ ತೆರೆಯಿತಷ್ಟೆ.

ಇಲ್ಲಿ ಇನ್ನೊಂದು ಲೆಕ್ಕವನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಅಮೆರಿಕನರ ಕಾಲದಲ್ಲೂ ರೋಗ ಮತ್ತು ಅಪಘಾತಗಳಿಂದ ಸತ್ತವರು 5,609 ಮಂದಿ. ಅವರಲ್ಲಿ ಬಹುಪಾಲು ಬಾರ್ಬೆಡೋಸ್, ಜಮೈಕಾ ಮುಂತಾದ ದ್ವೀಪಗಳಿಂದ ಬಂದ ಕರಿಯ ಕೂಲಿಗಳು. ಬಿಳಿಯ ನೌಕರರಿಗೆ ಜಾಳಿಗೆ ಹಾಕಿದ ಮನೆ. ಕೂಲಿಗಳಿಗೆ ಕಿಕ್ಕಿರಿದ ಬಿಡಾರ, ಇಲ್ಲವೇ ಕಾಡಂಚಿನ ಗುಡಿಸಲು. ವಿದ್ಯೆ ಒಂದೇ ಆಗಿತ್ತು, ಅದು ತಲುಪಿದ್ದು ಮಾತ್ರ ಎಲ್ಲರಿಗೂ ಒಂದೇ ಸಮನಾಗಿ ಅಲ್ಲ.

ಬೊಂಬಾಯಿಯ ಬಾವಿಗಳು

ಇನ್ನು ನಮ್ಮ ನಗರಕ್ಕೆ ಬರೋಣ. ಡಾಕ್ ಅಗೆಯುವ ಕೆಲಸಕ್ಕೆ ಸಾವಿರಾರು ಕೂಲಿಗಳು ಸೇರಿದಾಗ, ಬಂದರಿನ ಸುತ್ತಮುತ್ತ ಮಲೇರಿಯಾ ಜೋರಾಯಿತು. ಕಾರಣ ಹುಡುಕುವ ಕೆಲಸವನ್ನು ಡಾ. ಚಾರ್ಲ್ಸ್ ಬೆಂಟ್ಲಿ ಎಂಬ ತಜ್ಞರಿಗೆ ಒಪ್ಪಿಸಲಾಯಿತು. ಅವರ ವರದಿ 1911ರಲ್ಲಿ ಹೊರಬಂತು. ಮಲೇರಿಯಾ ಹಳ್ಳಿಯ ಕೊಳಚೆಯ ರೋಗ ಎಂಬ ನಂಬಿಕೆಯನ್ನು ಅದು ಬದಲಾಯಿಸಿತು. ಇಲ್ಲಿಯ ಅಪರಾಧಿ ಅನಾಫಿಲಿಸ್ ಸ್ಟೀಫನ್ಸೈ ಎಂಬ ಜಾತಿಯ ಸೊಳ್ಳೆ. 1901ರಲ್ಲಿ ಲಿಸ್ಟನ್ ಎಂಬ ವೈದ್ಯರು ಇದಕ್ಕೆ ಹೆಸರಿಟ್ಟಿದ್ದರು. ಚರಂಡಿಯ ಹೊಲಸು ನೀರು ಇದಕ್ಕೆ ಬೇಡ. ಬಾವಿ, ತೊಟ್ಟಿ, ಕಾರಂಜಿ, ಟಾಂಕಿಗಳ ತಿಳಿನೀರು ಬೇಕು. ಅಂದರೆ ನಾವು ಶುಚಿಯೆಂದು ನಂಬಿದ ನೀರೇ ಇದರ ತೊಟ್ಟಿಲು.

1860ರಲ್ಲಿ ವಿಹಾರ್ ಕೆರೆಯ ನೀರು, 1892ರಲ್ಲಿ ತಾನ್ಸಾದ ನೀರು ನಗರಕ್ಕೆ ಬಂದಿತ್ತು. ಬಾವಿಗಳ ಅಗತ್ಯ ಕಡಿಮೆಯಾಗಿತ್ತು. ಆದ್ದರಿಂದ ಅವನ್ನು ಮುಚ್ಚಿ ಎಂದು ನಗರಪಾಲಿಕೆ ಹೊರಟಿತು. ಜನ ಒಪ್ಪಲಿಲ್ಲ. ಬಾವಿಯಲ್ಲಿ ದೈವದ ಸಾನ್ನಿಧ್ಯವಿದೆ ಎಂದು ಹಿಂದೂಗಳು, ಬಾವಿ ಪವಿತ್ರವೆಂದು ಪಾರಸಿಗಳು ಮನವಿಗಳನ್ನು ಕಳುಹಿಸಿದರು. ಚರ್ಚ್‌ಗೇಟಿನ ಬಳಿ ಇಂದಿಗೂ ಪೂಜೆಗೊಳ್ಳುತ್ತಿರುವ ಭೀಖಾ ಬೆಹರಾಮ್ ಬಾವಿ 1725ರದು. ನಾಗಬನ, ದೈವಸ್ಥಾನಗಳ ನಾಡಿನಿಂದ ಬಂದ ನಮಗೆ ಈ ಭಯಭಕ್ತಿ ಅರ್ಥವಾಗದ್ದೇನೂ ಅಲ್ಲ. ನಗರಪಾಲಿಕೆಯ ಕಾರ್ಯದರ್ಶಿಯಾಗಿದ್ದ ಆರ್. ಪಿ. ಮಸಾನಿ ಅವರು ಈ ತಕರಾರುಗಳ ಕಡತಗಳನ್ನು ನೋಡುತ್ತ ನೋಡುತ್ತ ಬಾವಿಗಳ ಜಾನಪದದಲ್ಲೇ ಆಸಕ್ತರಾಗಿ, 1918ರಲ್ಲಿ ಆ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಕಡತದಿಂದ ಕೃತಿ ಹುಟ್ಟಿದ್ದು ನಮ್ಮಂತಹ ಗುಮಾಸ್ತರಿಗೆ ಸಮಾಧಾನ ತರುವ ವಿಷಯ. ಮಸಾನಿಯವರು ಮುಂದೆ ಅದೇ ನಗರದ ಕಮಿಷನರ್ ಆದರು.

ಕೊನೆಗೆ ಹಲವು ಬಾವಿಗಳು ಮುಚ್ಚಿದವು, ಕೆಲವು ಜಾಳಿಗೆಯ ಮುಚ್ಚಳ ಹೊತ್ತು ಉಳಿದವು. ಅಷ್ಟರಲ್ಲಿ ಮಾಳಿಗೆಯ ಮೇಲೆ ಟಾಂಕಿಗಳು ಬಂದವು. ಸೊಳ್ಳೆ ಬಾವಿಯಿಂದ ಟಾಂಕಿಗೆ ಏರಿತು. 1928ರಲ್ಲಿ ಮೇಜರ್ ಗಾರ್ಡನ್ ಕೋವೆಲ್ ನಗರವನ್ನು ಮತ್ತೆ ಪರಿಶೀಲಿಸಿ ಇನ್ನೊಂದು ವರದಿ ಬರೆಯಬೇಕಾಯಿತು. ಮುಂಬಯಿಯಲ್ಲಿ ಇಂದಿಗೂ ಸೊಳ್ಳೆಯ ನೋಟೀಸು ಹೊರಡುವುದು 1888ರ ನಗರಪಾಲಿಕೆ ಕಾಯಿದೆಯ 381ನೆಯ ಕಲಮು ಮತ್ತು ಅದರ ಉಪಕಲಮುಗಳ ಬಲದಿಂದ.

ಏಳು ದಿನಗಳ ಲೆಕ್ಕ

ಬಾವಿಯ ಕತೆ ಮುಗಿದು ಕಾಂಕ್ರೀಟಿನ ಕತೆ ಸುರುವಾದಾಗ ಸೊಳ್ಳೆಗೆ ಇನ್ನೂ ಅನುಕೂಲವಾಯಿತು. ಯಾಕೆಂಬುದನ್ನು ಸ್ವಲ್ಪ ವಿವರಿಸಬೇಕು.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ಹಲವರ ಕಲ್ಪನೆ. ವಾಸ್ತವವಾಗಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ನೀರು ಬೇಗ ಆರಿದರೆ ಸ್ಲ್ಯಾಬು ಬಿರಿಯುತ್ತದೆ. ಆದುದರಿಂದ ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ, ನೀರು ನಿಲ್ಲಿಸಿ, ಕ್ಯೂರಿಂಗ್ ಮಾಡುತ್ತಾರೆ. ಭಾರತೀಯ ಮಾನಕ 456ರ 2000ದ ಆವೃತ್ತಿಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಇದು ನಡೆಯಬೇಕು. ಈಗ ಸೊಳ್ಳೆಯ ಲೆಕ್ಕ ನೋಡಿ. ನಮ್ಮ ಸೆಕೆಯ ಹವೆಯಲ್ಲಿ ಮೊಟ್ಟೆಯಿಂದ ಹುಳು, ಹುಳುವಿನಿಂದ ಕೋಶ, ಕೋಶದಿಂದ ರೆಕ್ಕೆಯ ಸೊಳ್ಳೆಯಾಗಲು ಬೇಕಾಗುವುದು 7ರಿಂದ 10 ದಿನ. ಸ್ಲ್ಯಾಬು ಗಟ್ಟಿಯಾಗುವ ವಾರವೂ ಸೊಳ್ಳೆ ಬೆಳೆಯುವ ವಾರವೂ ಒಂದೇ!

ಇದಲ್ಲದೆ ಲಿಫ್ಟಿನ ಗುಂಡಿ, ನೆಲಮಾಳಿಗೆ, ಕ್ಯೂರಿಂಗ್‌ಗೆಂದು ನೀರು ತುಂಬಿಟ್ಟ ಡ್ರಮ್ಮುಗಳು, ತಾಡಪತ್ರಿಯ ಮಡಿಕೆಗಳು. ಪಕ್ಕದಲ್ಲೇ ತಗಡಿನ ಬಿಡಾರಗಳಲ್ಲಿ ಮಲಗುವ ಜನ. ಸೊಳ್ಳೆಗೆ ಹುಟ್ಟಲು ನೀರು, ಕುಡಿಯಲು ರಕ್ತ, ಎರಡೂ ಹತ್ತು ಮಾರಿನೊಳಗೆ. ಹಗಲು ಕಚ್ಚಿ ಡೆಂಗಿ ಹರಡುವ ಏಡಿಸ್ ಸೊಳ್ಳೆಗೂ ಇಂತಹ ನೀರೇ ಸಾಕು.

ಸ್ವಾತಂತ್ರ್ಯದ ನಂತರ

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಸುರುವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ಡಿ.ಡಿ.ಟಿ. ಸಿಂಪಡಿಸಿ 1965ರ ಹೊತ್ತಿಗೆ ಅದನ್ನು ಒಂದು ಲಕ್ಷದಷ್ಟಕ್ಕೆ ಇಳಿಸಿದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಯೋಜನೆ ಹಳ್ಳಿಗಳ ಮನೆಗೋಡೆಗಳನ್ನು ಲಕ್ಷಿಸಿತ್ತು. ಪಟ್ಟಣಗಳನ್ನು ಸ್ಥಳೀಯ ಸಂಸ್ಥೆಗಳ ಪಾಲಿಗೆ ಬಿಟ್ಟಿತ್ತು. ಸೊಳ್ಳೆ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು, ಪಟ್ಟಣಗಳು ಬೆಳೆದವು. 1976ರಲ್ಲಿ ವರದಿಯಾದ ಪ್ರಕರಣಗಳೇ 64 ಲಕ್ಷ ದಾಟಿದವು. ಅಷ್ಟರಲ್ಲಿ, 1971ರಲ್ಲಿ, ನಗರಗಳಿಗೆಂದೇ ಪ್ರತ್ಯೇಕ ಮಲೇರಿಯಾ ಯೋಜನೆ ಬಂದಿತ್ತು.

1986ರಲ್ಲಿ ಗೋವಾದ ಪಣಜಿಯಲ್ಲಿ ಮಲೇರಿಯಾ ಹಬ್ಬಿತು. ಪರಿಶೀಲಿಸಿದವರಿಗೆ ಕಂಡದ್ದು ಕಟ್ಟಡಗಳ ಭರಾಟೆ, ಅಲ್ಲಿ ನಿಂತ ನೀರು, ಮತ್ತು ಕೆಲಸಕ್ಕೆಂದು ಹೊರರಾಜ್ಯಗಳಿಂದ ಬಂದ ಕೂಲಿಕಾರರು. ಅವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಅನೇಕರಿದ್ದರು. ನೀರಿಗೆ ಹುಳು ತಿನ್ನುವ ಮೀನು ಬಿಡುವುದು, ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾ ಹಾಕುವುದು ಮೊದಲಾದ ಪ್ರಯೋಗಗಳು ಅಲ್ಲಿ ನಡೆದವು. ಕೂಲಿಕಾರರ ರಕ್ತಪರೀಕ್ಷೆ ಮಾಡಿ ಆರೋಗ್ಯ ಕಾರ್ಡು ಕೊಡುವ ಪದ್ಧತಿಯೂ ಬಂತು. ನಮ್ಮ ಮಂಗಳೂರಿಗೆ 1990ರ ದಶಕದಲ್ಲಿ ಇದೇ ಪಾಡು. ನಾವು ಅಲ್ಲಿ ಬಿ.ಎಸ್‌ಸಿ. ಓದುವಾಗ, ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಅನಾಫಿಲಿಸ್ ಸೊಳ್ಳೆ ಬಾಲ ಎತ್ತಿ ಓರೆಯಾಗಿ ಕೂರುವ ಚಿತ್ರ ಬರೆದು ಅಂಕ ಗಿಟ್ಟಿಸಿದೆವು. ಹಾಸ್ಟೆಲಿನಲ್ಲಿ ಕಂಬಳಿ ಹೊದ್ದು ನಡುಗಿದೆವು. ಎರಡಕ್ಕೂ ಇರುವ ಸಂಬಂಧ ಮಾತ್ರ ಆಗ ತಲೆಗೆ ಹೋಗಲಿಲ್ಲ. 2015ರಿಂದ ಮಂಗಳೂರಿನಲ್ಲಿ ಪ್ರತಿ ರೋಗಿಯ ಮಾಹಿತಿಯನ್ನು ಯಂತ್ರದಲ್ಲಿ ದಾಖಲಿಸಿ, ಅವನ ಸುತ್ತಲಿನ ನೀರನ್ನು ಬೇಗ ಹುಡುಕುವ ಏರ್ಪಾಡು ಬಂದ ಮೇಲೆ ರೋಗ ಇಳಿಮುಖವಾಯಿತು.

ಮುಂಬಯಿಯಲ್ಲಿ 2010ರಲ್ಲಿ 76 ಸಾವಿರದಷ್ಟು ಜನರಿಗೆ ಮಲೇರಿಯಾ ಬಂತು. ಆ ನಂತರ ಕಟ್ಟಡದ ಸ್ಥಳಗಳ ತಪಾಸಣೆ ಬಿಗಿಯಾಯಿತು, ಸಂಖ್ಯೆ ಇಳಿಯಿತು. ದೇಶದಲ್ಲಿ 2023ರಲ್ಲಿ ವರದಿಯಾದವು ಎರಡೂಕಾಲು ಲಕ್ಷದಷ್ಟು. ತಡೆದರೆ ತಡೆಯಬಹುದಾದ ರೋಗವಿದು ಎನ್ನಲು ಬೇರೆ ಸಾಕ್ಷಿ ಬೇಡ. ಕೈಬಿಟ್ಟರೆ ಏನಾದೀತು ಎಂಬುದಕ್ಕೂ ಸಾಕ್ಷಿಯಿದೆ. ನಮ್ಮ ಈ ನಗರವಾಸಿ ಸ್ಟೀಫನ್ಸೈ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಕಂಡಿತು. ಈಗ ಅಲ್ಲಿಯ ಬೆಳೆಯುವ ನಗರಗಳು ನಮ್ಮ ಹಳೆಯ ಪಾಠವನ್ನು ಹೊಸದಾಗಿ ಕಲಿಯುತ್ತಿವೆ.

ನೋಟೀಸು ಬಂದದ್ದು ಯಾರಿಗೆ?

ಇಷ್ಟೆಲ್ಲ ಓದಲು ನಮಗೆ ಪ್ರೇರಣೆ ಏನೆಂದು ಹೇಳಿ ಮುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ನಮ್ಮ ಕಾಲೊನಿಯಲ್ಲಿ ಒಬ್ಬರ ಹಿಂದೊಬ್ಬರಿಗೆ ಜ್ವರ ಬಂತು. ಪಕ್ಕದ ಜಾಗದಲ್ಲಿ ಗಗನಚುಂಬಿಯೊಂದು ಏಳುತ್ತಿತ್ತು. ಅಲ್ಲಿಯ ಕೂಲಿಗಳೇ ರೋಗ ತಂದರು, ಬಿಡಾರಗಳನ್ನು ಎತ್ತಿಸಬೇಕು ಎಂದು ನಾವೆಲ್ಲ ನಿಶ್ಚಯಿಸಿದೆವು. ಅರ್ಜಿ ಬರೆಯುವ ಕೆಲಸ ಸಹಜವಾಗಿ ನಮ್ಮ ಪಾಲಿಗೆ ಬಂತು. ಇಪ್ಪತ್ತು ವರ್ಷದ ಗುಮಾಸ್ತಿಕೆಯ ಕೈ. ಅರ್ಜಿ ಚೆನ್ನಾಗಿಯೇ ಬಂದಿತ್ತು.

ಉದ್ದ ಹಿಡಿಯ ಸೌಟು, ಬ್ಯಾಟರಿ ಹಿಡಿದುಕೊಂಡು ನಗರಪಾಲಿಕೆಯ ನೌಕರರೊಬ್ಬರು ಬಂದರು. ಮಾತು ಕಡಿಮೆ. ಮೊದಲು ಕಟ್ಟಡದ ಜಾಗಕ್ಕೆ ಹೋದರು. ಲಿಫ್ಟಿನ ಗುಂಡಿಯ ನೀರಿನಲ್ಲಿ ಹುಳು ಸಿಕ್ಕಿತು. ನಾವು ಗೆದ್ದ ಮುಖ ಮಾಡಿದೆವು. ಆಮೇಲೆ ಅವರು ನಮ್ಮ ಕಟ್ಟಡದ ಮಾಳಿಗೆ ಹತ್ತಿದರು. ಟಾಂಕಿಯ ಮುಚ್ಚಳ ಮುರಿದು ಎಷ್ಟೋ ತಿಂಗಳಾಗಿತ್ತು. ಆ ಬಗ್ಗೆ ನಾವೇ ಬರೆದ ಎರಡು ಪತ್ರಗಳು ಯಾವುದೋ ಕಡತದಲ್ಲಿ ಮಲಗಿದ್ದವು. ಟಾಂಕಿಯಿಂದ ತೆಗೆದ ಸೌಟನ್ನು ನಮ್ಮ ಮುಂದೆ ಹಿಡಿದರು. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ಹುಳುಗಳು. ಪರೀಕ್ಷೆಯಲ್ಲಿ ಬರೆದ ಚಿತ್ರದ ಹಾಗೆಯೇ ಇದ್ದವು. ನೋಟೀಸು ಅವರಿಗೂ ಬಂತು, ನಮಗೂ ಬಂತು.

ಅದೇ ಸಂಜೆ ಗೇಟಿನ ಬಳಿ ಕೊಡ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ಮಗುವನ್ನು ಕನ್ನಡದಲ್ಲಿ ಗದರಿಸುವುದು ಕೇಳಿಸಿತು. ಯಾದಗಿರಿ ಕಡೆಯವಳು. ಬಿಡಾರದ ಡ್ರಮ್ಮುಗಳನ್ನು ಯಾಕವ್ವಾ ತೆರೆದಿಡುತ್ತೀರಿ ಎಂದು ಕೇಳಿದೆವು.

“ನಳಾ ಒಂದ್ ತಾಸು ಬರ್ತೈತ್ರಿ ಸಾಹೇಬ್ರ. ತುಂಬಿ ಇಡಲಿಲ್ಲಂದ್ರ ಕುಡಿಯಾಕ ಏನ್ ಮಾಡೂದ್ರಿ? ಮುಚ್ಚಳ ಕೇಳೀವಿ, ಮುಕಾದಮ ಕೊಟ್ಟಿಲ್ರಿ. ಜ್ವರ ಬಂದ್ ಮಲಗಿದ್ರ ಪಗಾರನೂ ಇಲ್ರಿ.”

ನಮ್ಮ ಅರ್ಜಿಯಲ್ಲಿ ಇದಾವುದೂ ಇರಲಿಲ್ಲ. ರಕ್ತದಲ್ಲಿ ಪರೋಪಜೀವಿ ಇರುವ ಮನುಷ್ಯ ಊರಿಂದೂರಿಗೆ ಹೋಗುತ್ತಾನೆ, ನಿಜ. ಆದರೆ ಅವನಿಂದ ಇನ್ನೊಬ್ಬನಿಗೆ ರೋಗ ದಾಟಲು ಸೊಳ್ಳೆ ಬೇಕು, ಸೊಳ್ಳೆಗೆ ನಿಂತ ನೀರು ಬೇಕು. ಆ ನೀರನ್ನು ನಿಲ್ಲಿಸಿದವರು ಯಾರು? ಕೂಲಿಯವಳಿಗೆ ಡ್ರಮ್ಮಿನ ಮುಚ್ಚಳ ಕೊಳ್ಳುವ ಅಧಿಕಾರವಿಲ್ಲ, ಲಿಫ್ಟಿನ ಗುಂಡಿ ಬಸಿಯುವ ಪಂಪೂ ಅವಳದಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಮರುಕಳಿಸದಿರಲು 14 ದಿನ ಗುಳಿಗೆ ನುಂಗಬೇಕು. ಮೂರನೆಯ ದಿನಕ್ಕೆ ಬೇರೆ ಸೈಟಿಗೆ ಸಾಗಿಸಿದರೆ ಉಳಿದ 11 ದಿನದ ಗುಳಿಗೆ ಕೊಡುವವರಾರು? ಕಟ್ಟಡ ಕಾರ್ಮಿಕರಿಗೆ ಕುಡಿಯುವ ನೀರು, ವಸತಿ, ಶೌಚಾಲಯ ಒದಗಿಸುವುದು ಮಾಲಿಕನ ಹೊಣೆಯೆಂದು 1996ರಲ್ಲೇ ಕಾಯಿದೆ ಆಯಿತು. ಕಟ್ಟಡದ ವೆಚ್ಚದ ಮೇಲೆ ಕಾರ್ಮಿಕರ ಕ್ಷೇಮಕ್ಕಾಗಿ ಸೆಸ್ಸೂ ಬಂತು. ಅದರ ಅಂಶಗಳನ್ನು 2020ರ ಸಂಹಿತೆಯೊಳಗೂ ಸೇರಿಸಲಾಗಿದೆ. ಕಾನೂನಿಗೆ ಕೊರತೆಯಿಲ್ಲ, ಮುಚ್ಚಳಕ್ಕೆ ಕೊರತೆ.

ಉಪಾಯಗಳು ದುಬಾರಿಯವಲ್ಲ. ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸುವ ಬದಲು ಒದ್ದೆ ಗೋಣಿ ಹೊದಿಸಿ ಮೇಲಿಂದ ಮೇಲೆ ನೀರು ಸಿಂಪಡಿಸಿದರೂ ಕಾಂಕ್ರೀಟು ಗಟ್ಟಿಯಾಗುತ್ತದೆ. ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ, ಒಣಗಿಸಿ ತುಂಬಬಹುದು. ಬಸಿಯಲಾಗದ ಗುಂಡಿಗೆ ಮೀನು ಬಿಡಬಹುದು. ವಾರ ಎಂಬ ಅವಧಿಯನ್ನು ನೆನಪಿಟ್ಟರೆ ಸಾಕು, ಸೊಳ್ಳೆಗೆ ರೆಕ್ಕೆ ಮೂಡುವುದಿಲ್ಲ.

ನಮ್ಮ ಕಾಲೊನಿಯ ಮಟ್ಟಿಗೆ ಹೇಳುವುದಾದರೆ, ಮೂರನೆಯ ಪತ್ರ ಬರೆಯಲಿಲ್ಲ. ಮನೆಗಿಷ್ಟು ಎಂದು ವಂತಿಗೆ ಎತ್ತಿ ಟಾಂಕಿಗೆ ಮುಚ್ಚಳ ಹಾಕಿಸಿದೆವು. ಉಳಿದ ಹಣದಲ್ಲಿ ಪಕ್ಕದ ಬಿಡಾರದ ಆರು ಡ್ರಮ್ಮುಗಳಿಗೂ ಮುಚ್ಚಳ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಲ್ಲೊಬ್ಬರು ಮಾಳಿಗೆ ಹತ್ತಿ ನೋಡಿ ಬರುತ್ತೇವೆ. ಈ ವಾರದ ಪಾಳಿ ನಮ್ಮದು.